ನಂದಿಯ ದ್ರಾಕ್ಷಾಲತೆ

ದ್ರಾಕ್ಷೆಗೆ ಸಂಸ್ಕೃತದಲ್ಲಿ ಮೃದ್ವೀಕಾ ಎಂದೂ ಹೆಸರುಂಟು. ಹೆಸರು ಮೃದುವಾದರೂ ಅದರ ಕೃಷಿಯು ಸುಲಭವಲ್ಲ. ಶೀತದೇಶಗಳಲ್ಲಿ ಈ ಲತೆಯು ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುವುದು; ನಮ್ಮ ನಾಡಿನಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ನಂದಿಬೆಟ್ಟದ ತಪ್ಪಲಿನ ಕೃಷಿಕರು ವರ್ಷಕ್ಕೆರಡು ಸಾರಿ ಬಳ್ಳಿಯನ್ನು ಸವರುವರು. ‘ಬೆಂಗಳೂರು ನೀಲಿ’ ತಳಿಯು ಹೀಗೆ ಎರಡು ಫಸಲನ್ನೂ ಕೊಡುವುದು. ಆದರೆ ಅಲ್ಲಿಯೇ ದ್ರಾಕ್ಷಾಮದ್ಯಕ್ಕಾಗಿ ಫ್ರೆಂಚ್ ತಳಿಗಳನ್ನು ಬೆಳೆಯುವವರು ಮೊದಲ ಸವರಿಕೆಯನ್ನು ಚಿಗುರಿಗೆ ಬಿಟ್ಟು, ಎರಡನೆಯದರಿಂದ ಮಾತ್ರ ಹಣ್ಣು ಪಡೆಯುವರು. ಸುಮಾರು 900 ಮೀಟರು ಎತ್ತರದ ತಂಪಾದ ರಾತ್ರಿಗಳು ಆ ಹಣ್ಣಿನ ಹುಳಿಯನ್ನು ಕಾಪಾಡುವುವು. ನೆಲದ ಗುಣ, ಗಾಳಿಯ ಗುಣಗಳೊಡನೆ ಒಕ್ಕಲಿಗನ ಸಂಯಮವೂ ಸೇರಿದಲ್ಲದೆ ಸೀಮೆಗೆ ಹೆಸರು ಬಾರದು.

ಮದ್ಯವನ್ನು ಮುಟ್ಟದ ಗೃಹಸ್ಥರಿಗೂ ಇದರಲ್ಲಿ ಪಾಠವುಂಟು. ನಮ್ಮ ಆಡೂರಿನ ಹೊಲದಲ್ಲಿ ಮತ್ತೊಂದು ಬೆಳೆಯ ಆಸೆಗೆ ಕೊಳವೆಬಾವಿ ಕೊರೆಯಿಸುವ ಮೊದಲು, ಭೂಮಿಯ ಶಕ್ತಿಯೆಷ್ಟೆಂಬುದನ್ನು ವಾಚಕರು ವಿಚಾರಿಸತಕ್ಕದ್ದು.