ನಂಜಿನ ಹೆಸರಿನಲ್ಲಿ ಬಸುರಿಯ ತಟ್ಟೆ ಬರಿದಾಗಬೇಕೆ?

ಕಳೆದ ಮಳೆಗಾಲದಲ್ಲಿ ತುರುವೇಕೆರೆ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋಗಿದ್ದೆ. ಗದ್ದೆಯ ಬದುವಿನಲ್ಲಿ ಹಿಡಿದು ತಂದ ಏಡಿಗಳ ಸಾರು ಮನೆಯಲ್ಲಿ ಘಮಘಮಿಸುತ್ತಿತ್ತು. ಅಪರೂಪಕ್ಕೆ ಬಂದವನೆಂದು ನನಗೆ ಎರಡು ಬಾರಿ ಬಡಿಸಿದರು. ಆರು ತಿಂಗಳ ಬಸುರಿಯಾಗಿದ್ದ ತಮ್ಮನ ಮಗಳ ತಟ್ಟೆಯಲ್ಲಿ ಮಾತ್ರ ಅನ್ನ ಮತ್ತು ತಿಳಿಸಾರು. ಏಕೆಂದು ಕೇಳಿದೆ. ‘ಏಡಿ ನಂಜು ದೊಡ್ಡಪ್ಪ, ಅಮ್ಮ ಬೇಡ ಅಂತಾರೆ’ ಎಂದಳು. ಆಕೆಯ ‘ತಾಯಿ ಕಾರ್ಡ್’ ತೆರೆದು ನೋಡಿದರೆ ಹಿಮೋಗ್ಲೋಬಿನ್ 8.4 ಗ್ರಾಂ ಎಂದಿತ್ತು. ಗರ್ಭಿಣಿಯಲ್ಲಿ ಅದು 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎಂದೇ ಲೆಕ್ಕ.

ಇದೇನೂ ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2ರಷ್ಟು ಮಂದಿ ರಕ್ತಹೀನರು. ಕರ್ನಾಟಕದಲ್ಲಿಯೂ ಈ ಪ್ರಮಾಣ ಶೇ 45ರ ಆಸುಪಾಸಿನಲ್ಲಿದೆ. ಕಲ್ಪತರು ನಾಡೆಂದು ಹೆಮ್ಮೆಪಡುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳೂ ಇದಕ್ಕೆ ಹೊರತಲ್ಲ.

ಈ ಸೀಮೆಯಲ್ಲಿ ಸಸ್ಯಾಹಾರಿಗಳು ಬಹಳ. ಅವರಿಗೆ ಹಾಲು, ಬೇಳೆ, ರಾಗಿ, ಸೊಪ್ಪು ಇವೆ. ಅವರ ಆಹಾರಕ್ರಮದ ಬಗ್ಗೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಇರುವುದು ಮೀನು, ಏಡಿ, ಸಂತೆಯ ಒಣ ಸೀಗಡಿಯನ್ನು ಉಳಿದವರೆಲ್ಲ ಉಣ್ಣುವ ಮನೆಗಳಲ್ಲಿ ಬಸುರಿಗೆ ಮಾತ್ರ ಅದೇಕೆ ನಿಷಿದ್ಧ ಎಂಬುದರ ಬಗ್ಗೆ. ನೆಗಡಿ, ಕೆಮ್ಮು ಬಂದವನಿಗೆ ಏಡಿ ಸಾರನ್ನು ಮದ್ದೆಂದು ಕುಡಿಸುವವರೇ ಬಸುರಿಗೆ ಅದನ್ನು ನಂಜೆನ್ನುತ್ತಾರೆ. ಎಂ.ಎ. ತರಗತಿಯಲ್ಲಿ ಕುಟುಂಬವನ್ನು ಒಂದೇ ಘಟಕವೆಂದು ನಾವು ಓದಿದ್ದೆವು. ಆ ಘಟಕದೊಳಗೆ ಯಾರಿಗೆ ಎಷ್ಟು ಎಂಬುದನ್ನು ತೋರಿಸುವುದು ಊಟದ ತಟ್ಟೆ.

ಚೆನ್ನಾಗಿ ಬೆಂದ ಏಡಿ, ಸೀಗಡಿ ಗರ್ಭಿಣಿಗೆ ಅಪಾಯಕರವಲ್ಲ ಎಂಬುದು ಇಂದಿನ ವೈದ್ಯಕೀಯ ತಿಳಿವಳಿಕೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಗರ್ಭಿಣಿಯರು ವಾರಕ್ಕೆ 8ರಿಂದ 12 ಔನ್ಸ್, ಅಂದರೆ ಸುಮಾರು 225ರಿಂದ 340 ಗ್ರಾಂನಷ್ಟು, ಪಾದರಸ ಕಡಿಮೆ ಇರುವ ಮೀನು ಮತ್ತು ಚಿಪ್ಪುಜೀವಿಗಳನ್ನು ತಿನ್ನಬೇಕೆಂದು ಸಲಹೆ ನೀಡುತ್ತದೆ. ಅದರ ಉತ್ತಮ ಆಯ್ಕೆಗಳ ಪಟ್ಟಿಯಲ್ಲಿ ಏಡಿ, ಸೀಗಡಿ ಎರಡೂ ಇವೆ. ದೂರವಿಡಬೇಕೆಂದು ಅದು ಹೇಳುವುದು ಶಾರ್ಕ್‌ನಂತಹ ದೊಡ್ಡ ಬೇಟೆಮೀನುಗಳನ್ನು. ಏಡಿ, ಸೀಗಡಿಗಳಲ್ಲಿ ಒಳ್ಳೆಯ ಪ್ರೋಟೀನು, ಸತು, ಬಿ12 ಜೀವಸತ್ವ ದೊರೆಯುತ್ತವೆ.

ಹಾಗೆಂದು ಹಿರಿಯರ ಎಚ್ಚರಿಕೆಯೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕಲಾಗದು. ಅಪಾಯವಿದೆ, ಆದರೆ ಅದು ಏಡಿಯಲ್ಲಿಲ್ಲ, ಅದು ಬೆಳೆದ ನೀರಿನಲ್ಲಿ ಮತ್ತು ನಮ್ಮ ಅಡುಗೆಮನೆಯಲ್ಲಿದೆ. ಸಿಹಿನೀರಿನ ಏಡಿಯನ್ನು ಅರೆಬೇಯಿಸಿ ತಿಂದರೆ ಶ್ವಾಸಕೋಶಕ್ಕೆ ಸೇರುವ ಪರೋಪಜೀವಿ ಹುಳುವಿನ ಸೋಂಕು ಮಣಿಪುರ, ನಾಗಾಲ್ಯಾಂಡ್‌ಗಳಲ್ಲಿ ವರದಿಯಾಗಿದೆ. ನಮ್ಮ ಕಡೆ ಏಡಿಯ ಕಾಲುಗಳನ್ನು ಒರಳಿನಲ್ಲಿ ಕುಟ್ಟಿ, ರಸ ಸೋಸಿ ಸಾರಿಗೆ ಹಾಕುವುದುಂಟು. ಸಾರು ಕುದಿಯುತ್ತದೆ, ಚಿಂತೆಯಿಲ್ಲ. ಆದರೆ ಅದೇ ಒರಳಿನಲ್ಲಿ ಬಳಿಕ ಕಾಯಿ ಚಟ್ನಿ ರುಬ್ಬಿದರೆ, ಆ ಚಟ್ನಿ ಕುದಿಯುವುದಿಲ್ಲ. ಒರಳು, ಈಳಿಗೆ, ಕೈಗಳನ್ನು ಸೋಪು ನೀರಿನಲ್ಲಿ ತಿಕ್ಕಿ ತೊಳೆಯುವುದು ಬೇಯಿಸುವಷ್ಟೇ ಮುಖ್ಯ.

ಬೇಯಿಸಿದರೂ ಹೋಗದ ವಿಷಗಳೂ ಇವೆ. 1983ರಲ್ಲಿ ಮಂಗಳೂರಿನ ಸಮೀಪದ ಕುಂಬಳೆಯಲ್ಲಿ ಅಳಿವೆಯ ಚಿಪ್ಪುಜೀವಿಗಳನ್ನು ತಿಂದವರಲ್ಲಿ ಒಬ್ಬರು ಸತ್ತು, ಹಲವರು ಆಸ್ಪತ್ರೆ ಸೇರಿದರು. ಸೂಕ್ಷ್ಮ ಪಾಚಿಗಳಿಂದ ಚಿಪ್ಪಿನೊಳಗೆ ಸೇರುವ ಆ ವಿಷವನ್ನು ಕುದಿಯುವ ನೀರೂ ನಾಶಮಾಡದು. ಗದ್ದೆಗೆ ಸಿಂಪಡಿಸಿದ ಕೀಟನಾಶಕದ ಮಾತೂ ಅಷ್ಟೆ. ಇನ್ನು ಚರಂಡಿ ನೀರಿನ ಮೂಲಕ ಹರಡುವ ಹೆಪಟೈಟಿಸ್ ‘ಇ’ ಕಾಮಾಲೆಯು ಗರ್ಭಿಣಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಪ್ರಾಣಾಂತಕವಾಗಬಲ್ಲದು.

ಆದ್ದರಿಂದ ಮನೆಮಂದಿ ನೆನಪಿಡಬೇಕಾದುದು ಇಷ್ಟೆ. ಊರಿನ ಕೊಳಚೆ ಸೇರುವ ಕೆರೆಯ, ಔಷಧಿ ಹೊಡೆದ ಗದ್ದೆಯ ಏಡಿ ಬೇಡ. ಸತ್ತು ಬಿದ್ದಿದ್ದನ್ನು ತರಬಾರದು. ಜೀವಂತ ಏಡಿಯೇ ಬೇಕು. ಮಾಂಸ ಒಳಗಿನವರೆಗೂ ಬೆಂದು ಬಿಳಿಯಾಗಬೇಕು. ಬಿಸಿಯಾಗಿರುವಾಗಲೇ ಉಣ್ಣಬೇಕು; ನಿನ್ನೆಯ ಸಾರನ್ನು ಬಸುರಿಗೆ ಬಡಿಸುವುದು ತರವಲ್ಲ. ಒಣ ಸೀಗಡಿಯಲ್ಲಿ ಉಪ್ಪು ಹೆಚ್ಚು. ರಕ್ತದೊತ್ತಡ ಇರುವವರು ದೂರವಿರಲಿ. ಹಿಂದೆ ಏಡಿ, ಸೀಗಡಿ ತಿಂದು ಮೈ ತುರಿಸಿದವರು, ತುಟಿ ಊದಿಕೊಂಡವರು ಮುಟ್ಟಲೇಬಾರದು. ನಂಜು ಎಂಬ ಮಾತು ಅವರ ಪಾಲಿಗೆ ನಿಜ.

ಮೂವತ್ತು ವರ್ಷಗಳ ಸೇವೆಯಲ್ಲಿ ಪೌಷ್ಟಿಕ ಆಹಾರದ ಎಷ್ಟೋ ಪ್ರಗತಿ ವರದಿಗಳಿಗೆ ನಾನೂ ಸಹಿ ಹಾಕಿದ್ದೇನೆ. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಎಂಬ ಪ್ರಶ್ನೆಯನ್ನು ಒಮ್ಮೆಯೂ ಕೇಳಲಿಲ್ಲ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯು ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು ಕೊಟ್ಟು ಗರ್ಭಿಣಿಯರನ್ನು ಮನೆಯಾಚೆ ಕೂರಿಸಿ ಉಣಿಸುವ ಪ್ರಯತ್ನ ಮಾಡಿತು. ಅದು ಒಂದು ಹೊತ್ತಿನ ಮಾತು. ಉಳಿದ ಹೊತ್ತಿನ ಊಟ ನಿರ್ಧಾರವಾಗುವುದು ಅತ್ತೆ, ತಾಯಂದಿರ ಮಾತಿನಿಂದ. ತಾಯಂದಿರ ಸಭೆಗೆ ಅವರನ್ನೂ ಕರೆಯಬೇಕು. ‘ಪೌಷ್ಟಿಕ ಆಹಾರ ಸೇವಿಸಿ’ ಎಂಬ ಒಣ ಉಪದೇಶದ ಬದಲು ಆಯಾ ಊರಿನಲ್ಲಿ ಸಿಗುವ ಪದಾರ್ಥಗಳ ಹೆಸರು ಹಿಡಿದು, ಯಾವುದನ್ನು ಹೇಗೆ ಉಣ್ಣಬೇಕೆಂದು ಆಶಾ ಕಾರ್ಯಕರ್ತೆಯರು ಹೇಳುವಂತಾಗಬೇಕು. ಪಟ್ಟಣದ ಕೊಳಚೆ ಕೆರೆಗೆ ಸೇರದಂತೆ ತಡೆಯುವುದು ಸ್ಥಳೀಯ ಸಂಸ್ಥೆಗಳ ಹೊಣೆ. ಅದನ್ನು ಗೃಹಿಣಿಯ ತಲೆಗೆ ಕಟ್ಟಲಾಗದು.

ಅಂದಿನ ಊಟದ ಮರುದಿನ ತಮ್ಮನ ಮಗಳನ್ನೂ ಅವಳ ತಾಯಿಯನ್ನೂ ವೈದ್ಯರ ಬಳಿಗೆ ಕರೆದೊಯ್ದೆ. ಮೊದಲು ಕಬ್ಬಿಣದ ಮಾತ್ರೆ ತಪ್ಪದೆ ನುಂಗಬೇಕು, ಜೊತೆಗೆ ಮನೆಯವರು ಉಣ್ಣುವುದನ್ನೆಲ್ಲ ಬೇಯಿಸಿ ಉಣ್ಣಬಹುದು ಎಂದು ವೈದ್ಯರು ಹೇಳಿದರು. ಹೆರಿಗೆ ಸುಸೂತ್ರವಾಯಿತು. ಅದರ ಕೀರ್ತಿ ಏಡಿ ಸಾರಿಗೆ ಸಲ್ಲದು; ಮಾತ್ರೆಗೂ ಸಕಾಲದ ತಪಾಸಣೆಗೂ ಸಲ್ಲಬೇಕು. ಆದರೆ ಆನಂತರ ಆ ಮನೆಯಲ್ಲಿ ಸಾರು ಬಡಿಸುವಾಗ ಮೊದಲ ಸೌಟು ಅವಳ ತಟ್ಟೆಗೆ ಬಿದ್ದಿತು. ಬದಲಾಗಬೇಕಾದುದು ಈ ಬಡಿಸುವ ಕ್ರಮ.