ಬೀಗ ಇರುವುದು ಮುಂಬಾಗಿಲಿಗೆ ಮಾತ್ರ

ಈ ವಾರ ಐಸಾ ಬಗ್ಗೆ ಬರೆಯುತ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಈ ಸಲ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಿದೆ. ಅದರಲ್ಲಿ ನಿಮ್ಮ ದುಡ್ಡಿಗೂ ಸಂಬಂಧಪಟ್ಟ ವಿಷಯ ಇದೆ.

ಎರಡು ವರ್ಷದ ಹಿಂದೆ ನಾನೊಂದು ಸಣ್ಣ ಪೋರ್ಟ್‌ಫೋಲಿಯೋ ಟ್ರ್ಯಾಕರ್ ಮಾಡಿಕೊಂಡಿದ್ದೆ. ನಮ್ಮಂಥವರ ಲೆಕ್ಕ ನಿಮಗೆ ಗೊತ್ತೇ ಇದೆ: ಇಲ್ಲಿ ಐಸಾ, ಸಿಪ್ (ಊರಿನ ಎಸ್‌ಐಪಿ ಅಲ್ಲ, ಇಲ್ಲಿನ ಸ್ವಂತ ಪೆನ್ಷನ್), ಆಫೀಸಿನ ಪೆನ್ಷನ್, ಅಲ್ಲಿ ಎನ್‌ಆರ್‌ಇ ಎಫ್‌ಡಿ, ಮ್ಯೂಚುಯಲ್ ಫಂಡು, ಮೈಸೂರಿನ ಸೈಟಿನ ಸಾಲ. ಎಲ್ಲವನ್ನೂ ಪೌಂಡಲ್ಲೂ ರೂಪಾಯಿಯಲ್ಲೂ ಒಂದೇ ಪರದೆಯ ಮೇಲೆ ನೋಡುವ ಆಸೆ. ಯುಗಾದಿ ಊಟದ ದಿನ ಯಾರಿಗೋ ತೋರಿಸಿದೆ, ಅವರು ಇನ್ಯಾರಿಗೋ ಹೇಳಿದರು. ನೋಡುನೋಡುತ್ತಿದ್ದಂತೆ ಲೀಡ್ಸ್‌ನ ನಾಲ್ಕು ಮನೆ, ಮ್ಯಾಂಚೆಸ್ಟರ್‌ನ ಮೂರು, ಬರ್ಮಿಂಗ್‌ಹ್ಯಾಮ್ ಕಡೆಯ ಐದು, ಒಟ್ಟು 12 ಸಂಸಾರಗಳ ಲೆಕ್ಕ ನನ್ನ ಡೇಟಾಬೇಸಿಗೆ ಬಂದು ಕೂತಿತ್ತು.

ಹೋದ ತಿಂಗಳು ಸಾಲಿಹಲ್‌ನ ಡಾಕ್ಟ್ರೊಬ್ಬರು ತಾವೂ ಸೇರಬೇಕೆಂದು ಫೋನ್ ಮಾಡಿದರು. "ಇದು ಸೇಫಾ?" ಅಂದರು. ಬ್ರೌಸರಿನಲ್ಲಿ ಕಾಣುವ ಬೀಗದ ಗುರುತಿನ ಬಗ್ಗೆ ಹೇಳಿದೆ.

"ಅದು ನನ್ನ ಫೋನಿಂದ ನಿಮ್ಮ ಸರ್ವರ್ ತನಕ ತಾನೇ? ಅಲ್ಲಿಂದ ಮುಂದೆ?"

"ಮುಂದೆ ಡೇಟಾಬೇಸು, ಡಾಕ್ಟ್ರೇ."

"ನಮ್ಮಲ್ಲಿ ಪೇಷೆಂಟ್ ನೋಟ್ಸು ಒಂದು ವಾರ್ಡಿಂದ ಇನ್ನೊಂದಕ್ಕೆ ಹೋಗಬೇಕಾದ್ರೂ ಕವರಲ್ಲೇ ಹೋಗಬೇಕು. ನಿಮ್ಮದು ಹೇಗೆ ಹೋಗತ್ತೆ?"

ಹದಿನಾಲ್ಕು ವರ್ಷದಿಂದ ಡೇಟಾಬೇಸಿನ ಕೆಲಸವನ್ನೇ ಮಾಡಿ ಸಂಬಳ ತಗೊಳ್ಳುತ್ತಿರುವ ನಾನು "ನೋಡಿ ಹೇಳ್ತೀನಿ" ಅಂದೆ.

ಅವತ್ತು ರಾತ್ರಿ ನೋಡಿದೆ. ಪೋಸ್ಟ್‌ಗ್ರೆಸ್‌ನಲ್ಲಿ 'ಪಿಜಿ_ಸ್ಟ್ಯಾಟ್_ಎಸ್‌ಎಸ್‌ಎಲ್' ಅಂತ ಒಂದು ಪಟ್ಟಿ ಇದೆ. ಈಗ ಯಾವ ಯಾವ ಕನೆಕ್ಷನ್ ಎನ್‌ಕ್ರಿಪ್ಟ್ ಆಗಿದೆ, ಯಾವುದು ಆಗಿಲ್ಲ ಅಂತ ಸಾಲುಸಾಲಾಗಿ ಹೇಳುತ್ತದೆ. ನನ್ನ ಆ್ಯಪಿನ ಐದು ಕನೆಕ್ಷನ್‌ಗಳಿದ್ದವು. ಐದರ ಮುಂದೂ 'ಎಫ್', ಅಂದರೆ ಫಾಲ್ಸ್. ಆ್ಯಪಿನ ಸರ್ವರ್ ಒಂದು ಕಂಪನಿಯ ಕ್ಲೌಡಿನಲ್ಲಿ, ಡೇಟಾಬೇಸ್ ಇನ್ನೊಂದು ಕಂಪನಿಯ ಅಗ್ಗದ ಮೆಷಿನ್‌ನಲ್ಲಿ. ಹಾಗೆ ಬೇರೆ ಬೇರೆ ಇಟ್ಟಿದ್ದು ಯಾಕೆ ಅಂದರೆ ತಿಂಗಳಿಗೆ 6 ಪೌಂಡ್ ಉಳಿಯುತ್ತಿತ್ತು. (ಉಳಿತಾಯದ ಬಗ್ಗೆ ಪ್ರತಿ ವಾರ ಉಪದೇಶ ಕೊಡುವವನ ಕಥೆ ಇದು, ನಗಬೇಡಿ.) ಎರಡರ ನಡುವೆ ಇದ್ದದ್ದು ಬರೀ ಸಾರ್ವಜನಿಕ ಇಂಟರ್ನೆಟ್. ಎರಡು ವರ್ಷ ಹನ್ನೆರಡು ಮನೆಯ ಲೆಕ್ಕ ಅಲ್ಲಿ ಬಿಚ್ಚಿದ ಪತ್ರದ ಹಾಗೆ ಓಡಾಡಿತ್ತು.

ಹೇಗಾಯಿತು ಅನ್ನುವುದು ತಿಳಿಯಬೇಕಾದ್ದು. ಪೋಸ್ಟ್‌ಗ್ರೆಸ್‌ನ ಮೂಲ ಕ್ಲೈಂಟ್ ಲೈಬ್ರರಿಯಲ್ಲಿ 'ಎಸ್‌ಎಸ್‌ಎಲ್‌ಮೋಡ್' ಅಂತೊಂದು ಸೆಟ್ಟಿಂಗ್ ಇದೆ. ನಾವು ಏನೂ ಹೇಳದಿದ್ದರೆ ಅದರ ಬೆಲೆ 'ಪ್ರಿಫರ್'. ಕ್ಲೈಂಟ್ ಕೇಳುತ್ತದೆ, "ಗುಟ್ಟಾಗಿ ಮಾತಾಡೋಣವಾ?" ಸರ್ವರ್ "ನನಗೆ ಬರಲ್ಲ" ಅನ್ನುತ್ತದೆ. "ಸರಿ ಬಿಡಿ, ಹಾಗೇ ಮಾತಾಡೋಣ" ಅಂದು ಕ್ಲೈಂಟ್ ಮುಂದುವರಿಯುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಆ್ಯಪು ಚೆನ್ನಾಗಿಯೇ ಓಡುತ್ತದೆ. ನಾನೇ ಇನ್‌ಸ್ಟಾಲ್ ಮಾಡಿದ ಸರ್ವರಿನಲ್ಲಿ ಎಸ್‌ಎಸ್‌ಎಲ್ ಆಫ್ ಇತ್ತು, ಆನ್ ಮಾಡಿದ್ದೇನೆ ಅಂದುಕೊಂಡಿದ್ದೆ. ಪಾಸ್‌ವರ್ಡ್ ಮಾತ್ರ ಬಚಾವ್, ಈಗಿನ ಪೋಸ್ಟ್‌ಗ್ರೆಸ್ ಅದನ್ನು ಹಾಗೇ ಕಳಿಸುವುದಿಲ್ಲ. ಉಳಿದದ್ದೆಲ್ಲ ಬಯಲು.

ನಮ್ಮಜ್ಜ ಮಳೆ-ಬೆಳೆ ವಿಷಯವನ್ನು ಹಳದಿ ಪೋಸ್ಟ್‌ಕಾರ್ಡಲ್ಲಿ ಬರೆಯುತ್ತಿದ್ದರು, ಸಾಲದ ವಿಷಯವನ್ನು ನೀಲಿ ಇನ್‌ಲ್ಯಾಂಡ್ ಲೆಟರಲ್ಲಿ. ಪೋಸ್ಟ್‌ಮ್ಯಾನ್ ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋಗುವಷ್ಟು ಬೇಕಾದವನು. ಆದರೂ ಸಾಲದ್ದು ಇನ್‌ಲ್ಯಾಂಡಲ್ಲೇ.

"ಯಾರು ಕದ್ದು ನೋಡ್ತಾರೆ ನಿಮ್ಮ ಎಫ್‌ಡಿ?" ಅಂತ ಮ್ಯಾಂಚೆಸ್ಟರ್‌ನ ಗೆಳೆಯ ಕೇಳಿದ. ನಡುದಾರಿಯಲ್ಲಿ ಕೂತು ನಮ್ಮದನ್ನೇ ಯಾರಾದರೂ ಓದಿರುವ ಸಾಧ್ಯತೆ ಕಡಿಮೆ ಅಂತ ನಾನೂ ಒಪ್ಪುತ್ತೇನೆ. ಆದರೆ ಓದಿದ್ದರೆ ಅವನಿಗೆ ಸಿಗುವುದೇನು ನೋಡಿ: ಎಫ್‌ಡಿ ಯಾವ ಬ್ಯಾಂಕಿನದು, ಎಷ್ಟರದು, ಯಾವ ತಾರೀಕಿಗೆ ಮೆಚ್ಯೂರ್ ಆಗುತ್ತದೆ, ನಾಮಿನಿ ಯಾರು. ದಾವಣಗೆರೆಯಲ್ಲಿ ಒಬ್ಬರೇ ಇರುವ 78ರ ಅಪ್ಪನಿಗೆ ಫೋನ್ ಮಾಡಿ "ನಿಮ್ಮ ಮಗನ ಎಫ್‌ಡಿ 14ನೇ ತಾರೀಕು ಮುಗಿಯುತ್ತೆ ಸಾರ್, ಬ್ರ್ಯಾಂಚಿಂದ ಮಾತಾಡ್ತಿದ್ದೀನಿ" ಅಂದರೆ ಅವರು ನಂಬದೆ ಇರುತ್ತಾರಾ? ಬ್ಯಾಂಕಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿರದ ವಿವರ ಅದು.

ಆಮೇಲೆ ದುಡ್ಡು ವಾಪಸ್ ಬರುವ ಮಾತು. 2024ರ ಅಕ್ಟೋಬರ್ 7ರಿಂದ ಇಲ್ಲಿ ಒಳ್ಳೆಯ ನಿಯಮ ಬಂದಿದೆ: ಮೋಸಕ್ಕೆ ಸಿಕ್ಕಿ ನೀವೇ ಹಣ ಕಳಿಸಿದ್ದರೂ ಬ್ಯಾಂಕು 85,000 ಪೌಂಡ್‌ವರೆಗೆ ತುಂಬಿಕೊಡಬೇಕು. ಆದರೆ ಅದು ಯುಕೆ ಒಳಗಿನ ಪಾವತಿಗೆ. ನೀವು ಊರಿಗೆ ಕಳಿಸಿದ್ದಕ್ಕಾಗಲಿ, ಊರಲ್ಲಿ ಅಪ್ಪ ಕಳೆದುಕೊಂಡದ್ದಕ್ಕಾಗಲಿ ಅನ್ವಯಿಸದು. ಎಫ್‌ಎಸ್‌ಸಿಎಸ್ ರಕ್ಷಣೆಯನ್ನು 2025ರ ಡಿಸೆಂಬರ್‌ನಿಂದ 1,20,000 ಪೌಂಡ್‌ಗೆ ಏರಿಸಿದ್ದಾರೆ, ಅದು ಬ್ಯಾಂಕು ಮುಳುಗಿದರೆ ಮಾತ್ರ.

ಈಗ ಆಫೀಸಿನಲ್ಲಿ ನಾನು ನೂರು ಸಲ ಕೇಳಿದ ಮಾತಿಗೆ ಬರುತ್ತೇನೆ. "ಸರ್ವರೂ ಡೇಟಾಬೇಸೂ ಒಂದೇ ಪ್ರೈವೇಟ್ ನೆಟ್‌ವರ್ಕಿನಲ್ಲಿವೆ, ಒಳಗೆ ಯಾಕೆ ಎನ್‌ಕ್ರಿಪ್ಷನ್?" ನಾನೂ ಕೆಲವು ಸಲ ಹೇಳಿದ್ದೇನೆ. ಇದಕ್ಕೆ ಉತ್ತರ ಅಮೆರಿಕದ ಹಾರ್ಟ್‌ಲ್ಯಾಂಡ್ ಪೇಮೆಂಟ್ ಸಿಸ್ಟಮ್ಸ್. ಕಾರ್ಡ್ ಪಾವತಿಗಳನ್ನು ಸಾಗಿಸುವುದೇ ಅದರ ಕೆಲಸ. ಕಳ್ಳರು ವೆಬ್‌ಸೈಟಿನ ಒಂದು ದೋಷದಿಂದ ಒಳಗೆ ಹೊಕ್ಕು, ಕಂಪನಿಯ ಒಳನೆಟ್‌ವರ್ಕಿನಲ್ಲಿ ಬಚ್ಚಿಟ್ಟುಕೊಂಡು, ಅಲ್ಲಿ ಎನ್‌ಕ್ರಿಪ್ಟ್ ಆಗದೆ ಹರಿಯುತ್ತಿದ್ದ ಕಾರ್ಡ್ ವಿವರಗಳನ್ನು ಹಿಡಿದುಕೊಂಡರು. ಸುಮಾರು 13 ಕೋಟಿ ಕಾರ್ಡು. ಕಂಪನಿ ಅದನ್ನು ಹೊರಗೆ ಹೇಳಿದ್ದು 2009ರ ಜನವರಿ 20ರಂದು, ಒಬಾಮ ಪ್ರಮಾಣವಚನ ತೆಗೆದುಕೊಂಡ ದಿನ. (ಕೆಟ್ಟ ಸುದ್ದಿ ಹೇಳಲು ಇದಕ್ಕಿಂತ ಒಳ್ಳೆಯ ದಿನ ಸಿಗಲಾರದು.) ಕಾರ್ಡ್ ಉದ್ಯಮದ ಪಿಸಿಐ ಪ್ರಮಾಣಪತ್ರ ಅವರ ಕೈಯಲ್ಲಿತ್ತು. ಆ ನಿಯಮ ಎನ್‌ಕ್ರಿಪ್ಷನ್ ಕೇಳುವುದು ಸಾರ್ವಜನಿಕ ನೆಟ್‌ವರ್ಕಿಗೆ.

ಎರಡೇ ತಿಂಗಳಲ್ಲಿ ಷೇರು ಮುಕ್ಕಾಲು ಪಾಲು ಬಿತ್ತು. ಆಗ ಮಾರುಕಟ್ಟೆಯೇ ಪಾತಾಳದಲ್ಲಿತ್ತು ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಆಮೇಲೆ ಅದೇ ಕಂಪನಿಯ ಮುಖ್ಯಸ್ಥ ರಾಬರ್ಟ್ ಕಾರ್ ಕಾರ್ಡು ಉಜ್ಜಿದ ಕ್ಷಣದಿಂದಲೇ ಎನ್‌ಕ್ರಿಪ್ಷನ್ ಆಗಬೇಕು ಅಂತ ಪಟ್ಟು ಹಿಡಿದು ಮಾಡಿಸಿದರು. 2016ರಲ್ಲಿ ಗ್ಲೋಬಲ್ ಪೇಮೆಂಟ್ಸ್ ಆ ಕಂಪನಿಯನ್ನು ಸುಮಾರು 430 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಹೂಡಿಕೆದಾರನಾಗಿ ನನಗೆ ಈ ಎರಡನೇ ಅರ್ಧವೇ ಹೆಚ್ಚು ಕುತೂಹಲದ್ದು.

ಅಮೆರಿಕದ ಕಥೆ ನಮಗೇಕೆ ಅನ್ನಬೇಡಿ. ನಾವೆಲ್ಲ ಚಳಿಗಾಲದ ಜಾಕೆಟ್ ಹುಡುಕುವ ಟಿಕೆ ಮ್ಯಾಕ್ಸ್‌ನ ಮಾತೃಸಂಸ್ಥೆ ಟಿಜೆಎಕ್ಸ್ 2007ರಲ್ಲಿ ಇಂಥದ್ದೇ ಕಳವನ್ನು ಒಪ್ಪಿಕೊಂಡಿತು. ಕನಿಷ್ಠ 4.57 ಕೋಟಿ ಕಾರ್ಡು, ಅದರಲ್ಲಿ ಯುಕೆ ಗ್ರಾಹಕರದ್ದೂ ಸೇರಿತ್ತು. 2013ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಹೊರಗೆಳೆದ ಸುದ್ದಿಯಲ್ಲಿ ಕದ್ದು ಕೇಳುತ್ತಿದ್ದವರು ಕಳ್ಳರಲ್ಲ, ಸರ್ಕಾರಗಳು. ಅಮೆರಿಕದ ಎನ್‌ಎಸ್‌ಎ ಮತ್ತು ಇಲ್ಲಿನ ಜಿಸಿಎಚ್‌ಕ್ಯೂ ಸೇರಿ ಗೂಗಲ್‌ನ ಡೇಟಾ ಸೆಂಟರ್‌ಗಳ ನಡುವಿನ ಖಾಸಗಿ ಕೇಬಲ್‌ಗಳಿಂದಲೇ ಮಾಹಿತಿ ಎತ್ತುತ್ತಿದ್ದವು. ಬೀಗ ಹಾಕಿದ್ದು ಮುಂಬಾಗಿಲಿಗೆ, ಒಳಗಿನ ಓಣಿ ಖುಲ್ಲಾ. ಗೂಗಲ್ ಆ ಓಣಿಗಳನ್ನೂ ಎನ್‌ಕ್ರಿಪ್ಟ್ ಮಾಡಿತು.

ಇದೊಂದು ಮಾಡಿಬಿಟ್ಟರೆ ಸಾಕು ಅಂತ ಹೇಳಿದರೆ ಅದೂ ಸುಳ್ಳೇ. ಮ್ಯಾಂಚೆಸ್ಟರ್‌ನ ಕೋ-ಆಪ್ ಮೇಲೆ 2025ರ ಏಪ್ರಿಲ್‌ನಲ್ಲಿ ನಡೆದ ದಾಳಿಯಲ್ಲಿ ಅದರ ಅಷ್ಟೂ 65 ಲಕ್ಷ ಸದಸ್ಯರ ಹೆಸರು, ವಿಳಾಸ ಹೋಯಿತು. ನಿಮ್ಮಲ್ಲಿ ಹಲವರ ಪರ್ಸಿನಲ್ಲೂ ಆ ಕಾರ್ಡ್ ಇರಬಹುದು. ಒಳಗಿನವನ ಹೆಸರಲ್ಲೇ ಲಾಗಿನ್ ಆಗಿ ಬರುವವನಿಗೆ ದಾರಿಯ ಎನ್‌ಕ್ರಿಪ್ಷನ್ ಅಡ್ಡಿಯೇ ಅಲ್ಲ, ಅವನಿಗೂ ಅದು ಬಾಗಿಲು ತೆಗೆಯುತ್ತದೆ. ಆದರೆ ಕಳ್ಳ ಹೆಂಚು ತೆಗೆದು ಬರಬಹುದು ಅಂತ ಹಿತ್ತಲ ಬಾಗಿಲು ತೆರೆದಿಡುವ ಮನೆಯವರನ್ನು ನಾನು ಕಂಡಿಲ್ಲ.

ನನ್ನ ತಕರಾರು ಒಂದೇ. 'ಸಾಧ್ಯವಾದರೆ' ಅನ್ನುವ ಸೆಟ್ಟಿಂಗ್ ಬೇರೆಯವರ ದುಡ್ಡಿನ ಲೆಕ್ಕ ಇಟ್ಟುಕೊಳ್ಳುವ ಕಡೆ ಇರಲೇಬಾರದು. ಇಲ್ಲದಿದ್ದರೆ ಕನೆಕ್ಷನ್ ಬೇಡ ಅನ್ನಬೇಕು, ಆ್ಯಪು ನಿಂತರೂ ಪರವಾಗಿಲ್ಲ. ಅಮೆಜಾನ್ ತನ್ನ ಆರ್‌ಡಿಎಸ್‌ನಲ್ಲಿ ಪೋಸ್ಟ್‌ಗ್ರೆಸ್ 15ರಿಂದ ಈಚೆಗೆ ಇದನ್ನೇ ಡೀಫಾಲ್ಟ್ ಮಾಡಿದೆ, ಸರಿಯಾದ ಕೆಲಸ. ಆದರೆ 14 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ನೀವೇ ಆನ್ ಮಾಡಬೇಕು. 'ರಿಕ್ವೈರ್' ಹಾಕಿದರೂ ಅರ್ಧ ಕೆಲಸವೇ: ಮಾತು ಗುಟ್ಟಾಗುತ್ತದೆ, ಯಾರ ಜೊತೆ ಮಾತಾಡುತ್ತಿದ್ದೇವೆ ಅಂತ ಖಾತ್ರಿ ಇಲ್ಲ. ಸರ್ಟಿಫಿಕೇಟನ್ನೂ ಸರ್ವರಿನ ಹೆಸರನ್ನೂ ಹೋಲಿಸಿ ನೋಡುವುದು 'ವೆರಿಫೈ-ಫುಲ್' ಒಂದೇ.

ನಾನು ಅದನ್ನೇ ಹಾಕಿದೆ, ಸರ್ವರ್ ಕಡೆ 'ಹೋಸ್ಟ್' ಅಂತ ಇದ್ದ ಸಾಲುಗಳನ್ನು 'ಹೋಸ್ಟ್‌ಎಸ್‌ಎಸ್‌ಎಲ್' ಮಾಡಿದೆ. ಒಂದು ಶನಿವಾರ ಬೆಳಗ್ಗೆ, ಎರಡು ಲೋಟ ಕಾಫಿ. ಕಷ್ಟವಾಗಿದ್ದು ಆಮೇಲೆ 12 ಮನೆಗೂ ಫೋನ್ ಮಾಡಿ ಹೇಳಿದ್ದು. ಯುಕೆ ಜಿಡಿಪಿಆರ್‌ನ 32ನೇ ವಿಧಿ ಎನ್‌ಕ್ರಿಪ್ಷನ್ನನ್ನು ಹೆಸರಿಸಿಯೇ ಹೇಳುತ್ತದೆ. ಸ್ವಂತ ಮನೆಯ ಲೆಕ್ಕಕ್ಕೆ ಆ ಕಾನೂನಿನಿಂದ ವಿನಾಯಿತಿ ಇದೆ, ಹನ್ನೆರಡು ಮನೆಯದ್ದಕ್ಕೂ ಇದೆ ಅಂತ ವಾದ ಮಾಡುವ ಧೈರ್ಯ ನನಗಿಲ್ಲ. ಹೆಚ್ಚಿನವರು "ಅಯ್ಯೋ ಬಿಡಿ" ಅಂದರು, ಅದೇ ನನಗೆ ಜಾಸ್ತಿ ಚುಚ್ಚಿತು. ಬರ್ಮಿಂಗ್‌ಹ್ಯಾಮ್‌ನ ಒಬ್ಬ ಅಕ್ಕ ಮಾತ್ರ ಸುಮ್ಮನೆ ಕೇಳಿಸಿಕೊಂಡು, "ನಮ್ಮದು ಪೂರ್ತಿ ಅಳಿಸಿಬಿಡಪ್ಪ" ಅಂದರು. ಅಳಿಸಿದೆ. ಅದೇ ಸಂಜೆ ಎಲ್ಲರ ಊರಿನ ಖಾತೆ ನಂಬರು, ಪ್ಯಾನ್, ನಾಮಿನಿ ಹೆಸರುಗಳನ್ನೂ ತೆಗೆದುಹಾಕಿದೆ. ಲೆಕ್ಕ ತೋರಿಸಲು ಅವುಗಳ ಅಗತ್ಯವೇ ಇರಲಿಲ್ಲ.

ನೀವು ಬಳಸುವ ಆ್ಯಪುಗಳಿಗೂ, ಎಲ್ಲ ಖಾತೆ ಒಂದೇ ಕಡೆ ತೋರಿಸುವ ಓಪನ್ ಬ್ಯಾಂಕಿಂಗ್ ಆ್ಯಪುಗಳಿಗಂತೂ ಖಂಡಿತ, ಡಾಕ್ಟ್ರ ಪ್ರಶ್ನೆಯನ್ನೇ ಒಂದು ಇಮೇಲಿನಲ್ಲಿ ಕೇಳಿ: ನಿಮ್ಮ ಸರ್ವರಿಂದ ಡೇಟಾಬೇಸಿಗೆ ಹೋಗುವ ದಾರಿ ಎನ್‌ಕ್ರಿಪ್ಟ್ ಆಗಿದೆಯಾ, ಆಗದ ಕನೆಕ್ಷನ್ನನ್ನು ನಿರಾಕರಿಸುತ್ತೀರಾ? ನಾನು ಎರಡು ಕಡೆ ಕೇಳಿದ್ದೇನೆ. ಒಂದರಿಂದ "ನಿಮ್ಮ ಸುರಕ್ಷತೆ ನಮಗೆ ಮುಖ್ಯ" ಅಂತ ಬಂತು. ಇನ್ನೊಂದರಿಂದ ನಾಲ್ಕೇ ಸಾಲು, ಎರಡಕ್ಕೂ ನೇರ ಉತ್ತರ. ನನ್ನ ಐಸಾ ಈಗ ಎಲ್ಲಿದೆ ಅಂತ ಹೇಳಬೇಕಿಲ್ಲ.

ಡಾಕ್ಟ್ರು ಇನ್ನೂ ಸೇರಿಲ್ಲ. ಸರಿಮಾಡಿದ್ದನ್ನೆಲ್ಲ ವಿವರವಾಗಿ ಹೇಳಿದೆ, ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ, "ಸರಿ, ರಾತ್ರಿ ಬ್ಯಾಕಪ್ ತಗೋತೀರಲ್ಲ, ಅದು ಯಾವ ದಾರಿಯಲ್ಲಿ ಹೋಗತ್ತೆ?" ಅಂದರು. ಮತ್ತೆ, ನೋಡಿ ಹೇಳ್ತೀನಿ ಅಂದಿದ್ದೇನೆ.