ಪ್ರಶ್ನೆಪತ್ರಿಕೆ ಬಚ್ಚಿಡಬೇಡಿ

ಗೆ,
ಅಧ್ಯಕ್ಷರು,
ರಾಷ್ಟ್ರೀಯ ವೈದ್ಯಕೀಯ ವಿಜ್ಞಾನಗಳ ಪರೀಕ್ಷಾ ಮಂಡಳಿ,
ನವದೆಹಲಿ

ಮಾನ್ಯರೇ,

ವಿದೇಶದಲ್ಲಿ ವೈದ್ಯ ಪದವಿ ಪಡೆದು ಬಂದವರಿಗೆ ನಿಮ್ಮ ಮಂಡಳಿ 2002ರಿಂದ ನಡೆಸುತ್ತಿರುವ ಎಫ್‌ಎಂಜಿಇ ಪರೀಕ್ಷೆಯ ಬಗ್ಗೆ ಈ ಪತ್ರ. ಕನ್ನಡದಲ್ಲಿ ಬರೆಯುತ್ತಿದ್ದೇನೆ, ಓದಿ ಹೇಳುವವರು ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ಇದ್ದಾರು. ಹೊಲ ಅಡವಿಟ್ಟು ಮಗನನ್ನು ಕಿರ್ಗಿಸ್ತಾನಕ್ಕೋ ಫಿಲಿಪ್ಪೀನ್ಸ್‌ಗೋ ಕಳಿಸಿದ ಅಪ್ಪ-ಅಮ್ಮಂದಿರೂ ಇದನ್ನು ಓದಲಿ ಎಂಬ ಆಸೆ ನನ್ನದು.

ಪರೀಕ್ಷೆ ಸುಲಭ ಮಾಡಿ ಎಂದು ನಾನು ಕೇಳುತ್ತಿಲ್ಲ. 300ಕ್ಕೆ 150 ಅಂಕ ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ವರ್ಷಕ್ಕೆ ಎರಡು ಸಲ ಅವಕಾಶ. ಇದನ್ನು ಕಠೋರ ಎನ್ನಲಾರೆ. ನನ್ನ ಮೊಮ್ಮಗಳಿಗೆ ಜ್ವರ ಬಂದಾಗ ನೋಡುವ ಡಾಕ್ಟರು ಇಷ್ಟನ್ನಾದರೂ ದಾಟಿ ಬಂದಿರಬೇಕು. ಬರೆದವರಲ್ಲಿ ಬಹುಪಾಲು ಜನ ಪ್ರತಿ ಸಲವೂ ನಪಾಸಾಗುತ್ತಿದ್ದಾರೆ ಎಂಬುದೂ ಗೊತ್ತು. ಓದಿಸದೆ ಪದವಿ ಕೊಟ್ಟು ಕಳಿಸಿದ ಕಾಲೇಜುಗಳ ಪಾಲು ಅದರಲ್ಲಿ ದೊಡ್ಡದು. ನನ್ನ ತಕರಾರು ಒಂದೇ. ಪರೀಕ್ಷೆ ಮುಗಿದ ಮೇಲೂ ನೀವು ಪ್ರಶ್ನೆಪತ್ರಿಕೆ ಹೊರಗೆ ಬಿಡುವುದಿಲ್ಲ, ಸರಿಯುತ್ತರವನ್ನೂ ಪ್ರಕಟಿಸುವುದಿಲ್ಲ. ಪ್ರಶ್ನೆಗಳನ್ನು ಯಾರಿಗೂ ಹೇಳುವುದಿಲ್ಲ ಎಂದು ಅಭ್ಯರ್ಥಿಯಿಂದಲೇ ಒಪ್ಪಿಗೆ ಪಡೆಯುತ್ತೀರಿ.

ಆಗುವುದೇನು? ಕಂಪ್ಯೂಟರ್ ಮುಂದಿನಿಂದ ಎದ್ದ ಹುಡುಗ ಸಂಜೆಯೊಳಗೆ ನೆನಪಿದ್ದಷ್ಟನ್ನು ಟೆಲಿಗ್ರಾಂಗೆ ಹಾಕುತ್ತಾನೆ. ಮಕ್ಕಳ ಬಾಯಲ್ಲಿ ಇದು ‘ರಿಕಾಲ್’. ನಾನು ಸಮುದಾಯ ವೈದ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಇಲ್ಲಿ ಬೆಂಗಳೂರಿನ ವಿಜಯನಗರದ ರೀಡಿಂಗ್ ರೂಮುಗಳಲ್ಲಿ ಕೂತು ಓದುವ ಇಂಥ ಕೆಲವರು ಸಂದೇಹ ಕೇಳಲು ಮನೆಗೆ ಬರುತ್ತಾರೆ. ಅವರಲ್ಲೊಬ್ಬಳು ತಂದ ರಿಕಾಲ್ ಹಾಳೆಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಯಾವ ವಯಸ್ಸಿಗೆ ಎಂಬ ಪ್ರಶ್ನೆ ಎರಡು ಕಡೆ ಇತ್ತು. ಆಯ್ಕೆಗಳು ಅವೇ ನಾಲ್ಕು. ಮೇಲೆ ಉತ್ತರ ಒಂಬತ್ತು ತಿಂಗಳು, ಕೆಳಗೆ 16ರಿಂದ 24 ತಿಂಗಳು. ಮೊದಲ ಡೋಸೋ ಎರಡನೆಯದೋ ಎಂಬ ಮಾತೇ ಎರಡರಲ್ಲೂ ಬಿಟ್ಟುಹೋಗಿತ್ತು. ಹುಡುಗಿ ಕೆಳಗಿನದಕ್ಕೆ ಹಸಿರು ಹೈಲೈಟರ್ ಎಳೆದಿದ್ದಳು. ಯಾಕಮ್ಮಾ ಅಂದರೆ, ‘ಅದು ಲೇಟೆಸ್ಟ್ ಇರಬಹುದು ಸರ್’ ಅಂದಳು. ಒಳಗಿನಿಂದ ಮೊಮ್ಮಗಳ ಲಸಿಕೆಗಳನ್ನು ಬರೆದ ‘ತಾಯಿ ಕಾರ್ಡ್’ ತಂದು ಮುಂದಿಟ್ಟೆ. ಎರಡು ನಿಮಿಷದಲ್ಲಿ ಇಡೀ ಲಸಿಕಾ ಪಟ್ಟಿ ಅವಳಿಗೆ ಅರ್ಥವಾಯಿತು. ಆರು ವರ್ಷ ವೈದ್ಯಕೀಯ ಓದಿದವಳು ಆ ಕಾರ್ಡನ್ನು ಅದೇ ಮೊದಲು ಕೈಯಲ್ಲಿ ಹಿಡಿದದ್ದು.

ಸಮುದಾಯ ವೈದ್ಯಶಾಸ್ತ್ರಕ್ಕೆ 300ರಲ್ಲಿ 30 ಅಂಕ ಇಟ್ಟವರು ನೀವೇ, ಅನಾಟಮಿಗೆ 17. ಮಕ್ಕಳು ಮಾತ್ರ ಅನಾಟಮಿಯಿಂದ ಶುರುಮಾಡಿ, ಕೊನೆಯ ವಾರ ನಮ್ಮ ವಿಷಯದ ಪಠ್ಯವಾದ ಪಾರ್ಕ್ ಪುಸ್ತಕದ ದಪ್ಪ ನೋಡಿ ಕೈಚೆಲ್ಲುತ್ತಾರೆ. ನಾನು ಅವರಿಗೆ ಹೇಳುವುದಿಷ್ಟು: ಒಂದು ಗುರುವಾರ ಹತ್ತಿರದ ಪಿಎಚ್‌ಸಿಗೆ ಹೋಗಿ, ಲಸಿಕೆ ಹಾಕುವ ಸಿಸ್ಟರ್ ಪಕ್ಕ ಕೂತು ಬನ್ನಿ. ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲಿನ ನಾಲ್ಕು ತಿಂಗಳು ಮೂರು ಎಂಬುದನ್ನು ರೋಗಿಯ ಕೈಯಲ್ಲಿರುವ ಮಾತ್ರೆ ನೋಡಿ ಕಲಿಯಿರಿ. ಒಂದು ವಿಷಯಕ್ಕೆ ಒಂದೇ ನೋಟ್ಸ್ ಸಾಕು. ತಪ್ಪಾದ ಪ್ರಶ್ನೆಗಳನ್ನೇ ಮತ್ತೆ ಮತ್ತೆ ಬಿಡಿಸಿ. ಎಲ್ಲ ಕೇಳಿಸಿಕೊಂಡು ಕೊನೆಗೆ, ‘ಪೇಪರಲ್ಲಿ ಹೀಗೇ ಕೇಳ್ತಾರಾ ಸರ್?’ ಅನ್ನುತ್ತಾರೆ. ಏನು ಹೇಳಲಿ? ನಿಮ್ಮ ಪತ್ರಿಕೆಯನ್ನು ನಾನೂ ಕಂಡಿಲ್ಲ.

ಹೇಳಲು ಆ್ಯಪ್‌ನವರಿದ್ದಾರೆ, ಕೋಚಿಂಗ್‌ನವರಿದ್ದಾರೆ. ಕಳೆದ ಸಲ ಇಷ್ಟು ಪ್ರಶ್ನೆ ನಮ್ಮ ಕ್ಯೂ-ಬ್ಯಾಂಕಿನಿಂದಲೇ ಬಂತು ಎಂದು ಜಾಹೀರಾತು ಕೊಡುತ್ತಾರೆ. ಸುಳ್ಳೋ ನಿಜವೋ ತಾಳೆ ನೋಡೋಣವೆಂದರೆ ಮೂಲ ಪತ್ರಿಕೆಯೇ ಇಲ್ಲ. ಅವರ ವ್ಯಾಪಾರಕ್ಕೆ ನಿಮ್ಮ ಗುಟ್ಟೇ ಬಂಡವಾಳ.

ಪತ್ರಿಕೆ ಬಿಟ್ಟರೆ ಪ್ರಶ್ನೆಗಳ ದಾಸ್ತಾನು ಖಾಲಿಯಾಗುತ್ತದೆ ಎಂದು ನೀವು ಹೇಳಬಹುದು. ಆದರೆ ಅದು ಈಗಲೂ ಸೋರುತ್ತಲೇ ಇದೆ, ಅದೂ ತಪ್ಪುತಪ್ಪಾಗಿ. ನಮ್ಮ ಕೆಇಎ ಸಿಇಟಿ ಮುಗಿಯುತ್ತಲೇ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ನೀಟ್-ಯುಜಿಯಲ್ಲೂ ಅದೇ ಪದ್ಧತಿ. ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯವರು ನಿಮ್ಮಷ್ಟೇ ಗುಟ್ಟು ಕಾಯುವವರು. ಅವರೂ ಮಾದರಿ ಪ್ರಶ್ನೆಗಳನ್ನು ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಹೇಗೂ ಈ ಪರೀಕ್ಷೆಯೇ ಹೋಗಲಿದೆ ಎನ್ನಬೇಡಿ. ಎಫ್‌ಎಂಜಿಇ ಬದಲು ‘ನೆಕ್ಸ್ಟ್’ ಎಂಬ ಹೊಸ ಪರೀಕ್ಷೆ ಬರಲಿದೆ ಎಂಬ ಮಾತು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ ಕಾಲದ್ದು. 2023ರ ಜುಲೈಗೆ ಗೊತ್ತಾಗಿದ್ದ ಅಣಕು ಪರೀಕ್ಷೆಯೇ ಮುಂದೆ ಹೋಯಿತು. ಅದನ್ನು ನಂಬಿ ಯಾರೂ ಪುಸ್ತಕ ಮುಚ್ಚಿಡುವ ಹಾಗಿಲ್ಲ.

ಎಲ್ಲ ಪತ್ರಿಕೆಗಳನ್ನೂ ಒಮ್ಮೆಗೇ ಕೊಡಿ ಎನ್ನುವುದಿಲ್ಲ. ಹಳೆಯದೊಂದು ಪತ್ರಿಕೆ, 300 ಪ್ರಶ್ನೆಯೂ ಇರಲಿ. ಪ್ರತಿಯೊಂದಕ್ಕೂ ಸರಿಯುತ್ತರ, ಅದು ಯಾಕೆ ಸರಿ ಎಂಬ ಎರಡು ಸಾಲು. ಮುಂದಿನ ಪರೀಕ್ಷೆಗೆ ಅರ್ಜಿ ಕರೆಯುವ ದಿನವೇ ಅದನ್ನು ನಿಮ್ಮ ಜಾಲತಾಣದಲ್ಲಿ ಹಾಕಿಸಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಧ್ಯಾಪಕ, ಬೆಂಗಳೂರು